ಒಂದಂಗುಲ ಹೆಚ್ಚಿದ ಪೆಟ್ಟಿಗೆ

ಕಾಳಪ್ಪ ತೀರಿಕೊಂಡ. ಹೋದ ಸೋಮವಾರ, ಹಿರೋಡೆಯಲ್ಲಿ, ಗಡಿಯಾರದ ಏತಣ್ಣನ ಮನೆಯ ಜಗಲಿಯ ಮೇಲೆ. ನಾನು ಪಕ್ಕದಲ್ಲೇ ಇದ್ದೆ. ಕಾಳಪ್ಪನ ಹೆಂಡತಿ ಮೂಗಮ್ಮನೂ ಇದ್ದಳು.

ನಾನು ಗಂಜಾಂ ಪೇಟೆಯಲ್ಲಿ ಮಕ್ಕಳಿಗೆ ಓದುಬರಹ ಹೇಳುವವನು. ನನ್ನ ಮಠದ ಬಾಗಿಲು ಅವನು ಮಾಡಿದ್ದು. ಬೇಸಿಗೆಯಲ್ಲಿ ಸಡಿಲವಾಗುವುದಿಲ್ಲ, ಮಳೆಗಾಲದಲ್ಲಿ ಬಿಗಿಯುವುದಿಲ್ಲ. ಹಿರೋಡೆಯಿಂದ ಬಂದಮೇಲೆ ಅದನ್ನು ತೆಗೆಯುವಾಗಲೂ ಮುಚ್ಚುವಾಗಲೂ ಕೈ ಒಂದು ಗಳಿಗೆ ಅಲ್ಲೇ ನಿಲ್ಲುತ್ತದೆ. ಇಷ್ಟು ಒಳ್ಳೆಯ ಬಡಗಿಯನ್ನು ಊರಿನವರು ‘ಬೆಣೆ ಕಾಳಪ್ಪ’ ಎಂದು ಕರೆದರು. ಯಾಕೆಂದು ಬಲ್ಲವರು ಈಗ ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ.

ಅವನು ಹುಟ್ಟಿದ್ದು ಅರಕೆರೆಯಲ್ಲಿ. ಅಪ್ಪನೂ ಅಜ್ಜನೂ ನೇಗಿಲು, ನೊಗ, ತೊಟ್ಟಿಲು ಮಾಡಿಕೊಂಡಿದ್ದವರು. ನಮ್ಮ ಕಡೆಯ ಬಡಗಿಗಳು ಏನೇ ಮಾಡಲಿ, ಅಳತೆಗೆ ಆಯ ನೋಡುತ್ತಾರೆ. ಉದ್ದ ಅಗಲಗಳನ್ನು ಅಂಗುಲದಲ್ಲಿ ಗುಣಿಸಿ, ಎಂಟರಿಂದ ಭಾಗಿಸಿದಾಗ ಉಳಿಯುವುದೇ ಆಯ. ಒಂದು ಉಳಿದರೆ ಧ್ವಜಾಯ, ಶುಭ. ಎರಡು ಉಳಿದರೆ ಧೂಮಾಯ, ಎಂದರೆ ಹೊಗೆ. ಆ ಅಳತೆಯಲ್ಲಿ ಕೋಳಿಗೂಡನ್ನೂ ಮಾಡುವುದಿಲ್ಲ; ಒಂದಂಗುಲ ಕೂಡಿಸಿ ಅಥವಾ ಕಳೆದು ಸರಿ ಮಾಡಿಕೊಳ್ಳುತ್ತಾರೆ.

ಕಾಳಪ್ಪನಿಗೆ ಮೊದಲ ಮಗು ಹುಟ್ಟಿದಾಗ ಕೈತುಂಬ ಕೆಲಸ. ಊರವರ ನೇಗಿಲುಗಳ ನಡುವೆ, ಉಳಿದ ಮರದ ತುಂಡುಗಳಲ್ಲಿ, ಆಯ ನೋಡದೆ ತನ್ನ ಮಗುವಿಗೆ ತೊಟ್ಟಿಲು ಕಟ್ಟಿದ. ಮಗು ವರ್ಷ ತುಂಬುವ ಮೊದಲು ಹೋಯಿತು. ಆ ವರ್ಷ ಅರಕೆರೆಯಲ್ಲಿ ಹೋದ ಮಕ್ಕಳು ಇನ್ನೂ ಇದ್ದವು. ಅವನನ್ನು ಯಾರೂ ದೂರಲಿಲ್ಲ. ಅವನು ತೊಟ್ಟಿಲನ್ನು ಒಡೆದು ಹೊಳೆಗೆ ಬಿಟ್ಟ. ಅಂದಿನಿಂದ ಆಯ ಕೆಟ್ಟ ಅಳತೆಗೆ ಉಳಿ ಹಿಡಿಯಲಿಲ್ಲ. ಬೇರೆ ಮಕ್ಕಳಾಗಲಿಲ್ಲ. ಗಂಡಹೆಂಡಿರು ಅರಕೆರೆ ಬಿಟ್ಟು ಗಂಜಾಮಿಗೆ ಬಂದರು. ಸರ್ಕಾರದ ಕಾರ್ಖಾನೆಯಲ್ಲಿ ಅವನಿಗೆ ಕೆಲಸ ಸಿಕ್ಕಿತು.

ಕೀಲಕ ಸಂವತ್ಸರದಲ್ಲಿ, ಸುಗ್ಗಿ ಮುಗಿದ ಮೇಲೆ, ಸರ್ಕಾರದವರು ಗಂಜಾಮಿನಲ್ಲಿ ದೇಶದೇಶಗಳ ಸರಕಿನ ಸಂತೆ ಕೂಡಿಸಿದರು. ಮಾರುವುದಕ್ಕಿಂತ ತೋರಿಸುವುದಕ್ಕೇ ಕೂಡಿದ ಸಂತೆ ಅದು. ಮಸ್ಕತ್ತಿನವರು ಮುತ್ತು, ಖರ್ಜೂರ ತಂದರು. ಕಚ್ಛದ ಕುದುರೆ ಬಂತು, ಚೀಣದ ಪಿಂಗಾಣಿ ಬಂತು, ಬಂಗಾಳದಿಂದ ಬುಟ್ಟಿಯಲ್ಲಿ ರೇಷ್ಮೆಹುಳು ಬಂತು. ನಾಗಮಂಗಲದ ಕಂಚುಗಾರರಿಗೂ ಒಂದು ಸಾಲು ಕೊಟ್ಟಿದ್ದರು. ಅವರ ಕೊಳಗಗಳು ಬಿಸಿಲಿಗೆ ಹೊಳೆದರೆ ಮಸ್ಕತ್ತಿನವರೇ ಅಂಗಡಿ ಬಿಟ್ಟು ಎದ್ದು ಬರುತ್ತಿದ್ದರು. ಸಂಜೆ ಕರಿಘಟ್ಟದ ಮೇಲೆ ನಿಂತು ನೋಡಿದರೆ, ನಮ್ಮ ಸಣ್ಣ ಪೇಟೆ ಯಾವುದೋ ದೊಡ್ಡ ರಾಜ್ಯದ ಹಾಗೆ ಕಾಣುತ್ತಿತ್ತು. ಅತ್ತಿಕುಪ್ಪೆಯಿಂದ ಗಾಡಿ ಕಟ್ಟಿಕೊಂಡು ಬಂದವರು ನನ್ನ ಮಠದ ಅಂಗಳದಲ್ಲಿ ಇಳಿದುಕೊಂಡರು. ಅವರಲ್ಲಿ ದೊಡ್ಡಬೀರಯ್ಯ ಎಂಬ ಮುದುಕ ಪಿಂಗಾಣಿ ಬಟ್ಟಲಿನ ಮುಂದೆ ಬಹಳ ಹೊತ್ತು ನಿಂತ.

“ಇದ್ರಲ್ಲಿ ಮುದ್ದೆ ಉಣ್ಬೋದೇನ್ಲಾ?”

“ನೀ ಮುದ್ದೆ ಇಕ್ಕಿಸ್ಕೊಂಡ್ರೆ ಬಟ್ಲು ಎಲ್ಡು ಓಳಾಯ್ತದೆ, ನಡಿ ತಾತ,” ಎಂದು ಜೊತೆಯವರು ಎಳೆದುಕೊಂಡು ಹೋದರು.

ಸಂತೆಯ ನಡುವೆ ಅರಮನೆಯ ದೊಡ್ಡ ಗಡಿಯಾರವನ್ನು ನಿಲ್ಲಿಸಬೇಕೆಂದು ಅಪ್ಪಣೆಯಾಗಿತ್ತು. ಅದನ್ನು ಕೂಡಿಸಲು ಬಂದವನು ಫ್ರಾನ್ಸ್ ದೇಶದ ಎತಿಯೆನ್. ನಮ್ಮ ಜನ ಒಂದೇ ವಾರದಲ್ಲಿ ಅವನನ್ನು ಏತಣ್ಣ ಮಾಡಿಕೊಂಡರು. ಅವನಿಗೆ ಕನ್ನಡ ಹೇಳಿಕೊಟ್ಟವನು ನಾನು. ಗಡಿಯಾರದ ಯಂತ್ರ ಅವನದು, ಆಳೆತ್ತರದ ಬೀಟೆಮರದ ಪೆಟ್ಟಿಗೆ ಕಾಳಪ್ಪನದು ಎಂದು ನಿಶ್ಚಯವಾಯಿತು. ಏತಣ್ಣ ಒಂದು ದಾರಕ್ಕೆ ಗಂಟು ಹಾಕಿ ಒಳಗಿನ ಅಳತೆ ಕೊಟ್ಟ. ಕಾಳಪ್ಪ ಅದನ್ನು ಅರಮನೆಯ ಅಳತೆಗೋಲಿನ ಮೇಲೆ ಹಿಡಿದು ಆಯ ನೋಡಿದ. ಧೂಮಾಯ.

ಕಡಿಮೆ ಮಾಡಿದರೆ ಯಂತ್ರ ಹಿಡಿಸುವುದಿಲ್ಲ. ಯಾರಿಗೂ ಹೇಳದೆ ಅಗಲಕ್ಕೆ ಒಂದಂಗುಲ ಕೂಡಿಸಿದ.

ಪೆಟ್ಟಿಗೆ ನೋಡಿದವರೆಲ್ಲ ಬೆರಗಾದರು. ಏತಣ್ಣ ಮಾತ್ರ ದಾರ ಹಿಡಿದು ನೋಡಿ ಕೆಂಪಾದ.

“ನಾನು ಕೊಟ್ಟ ಅಳತೆ ಇದು ಅಲ್ಲ.”

“ಆ ಅಳತೆ ಆಗಾಕಿಲ್ಲ ಏತಣ್ಣ. ಹೊಗೆ ಅದೆ ಅದ್ರಲ್ಲಿ.”

“ಹೊಗೆ? ಎಲ್ಲಿ ಹೊಗೆ? ಗಡಿಯಾರಕ್ಕೆ ಹೊಗೆ ಇಲ್ಲ! ಹಾಗಾದರೆ ಒಳಗೆ ಒಂದು ಹಲಗೆ ಹೊಡಿ.”

“ಒಳಗ್ ಹೊಡುದ್ರೂ ಅದೇ ಅಳತೆ ಆಯ್ತದೆ.”

ನಾನು ಆಯದ ಲೆಕ್ಕವನ್ನು ಏತಣ್ಣನಿಗೆ ಬಿಡಿಸಿ ಹೇಳಿದೆ. ಅವನು ಎಂಟರ ಭಾಗಾಕಾರ ಕೇಳಿ ನಕ್ಕ. ತೊಟ್ಟಿಲಿನ ಮಾತನ್ನು ಕಾಳಪ್ಪ ಎತ್ತಲಿಲ್ಲ. ಅವನು ಎತ್ತದ್ದನ್ನು ನಾನೂ ಎತ್ತಲಿಲ್ಲ.

ಸಂತೆ ಶುರುವಾಗಲು ಹೊತ್ತಿರಲಿಲ್ಲ. ಉಳಿದ ಸಂದಿಗೆ ಕಾಳಪ್ಪ ಹುಣಿಸೆಮರದ ಬೆಣೆ ಬಡಿದ. ಗಡಿಯಾರ ನಡೆಯಿತು. ಮಧ್ಯಾಹ್ನ ಹನ್ನೆರಡು ಹೊಡೆಯುವುದನ್ನು ಕೇಳಲೆಂದು ಸಾವಿರಾರು ಜನ ಕೂಡಿದರು. ಹಿಂದಿನವರು ಮುಂದಕ್ಕೆ ನೂಕಿದರು, ಹಲಗೆಯ ಕಟ್ಟೆ ಅದುರಿತು, ಬೆಣೆ ಜಾರಿ ಬಿತ್ತು. ಯಂತ್ರ ಒಂದು ಕಡೆಗೆ ವಾಲಿತು. ತೂಗುಗುಂಡು ಪಕ್ಕದ ಹಲಗೆಗೆ ಬಡಿದು ನಿಂತೇಬಿಟ್ಟಿತು. ಜನ ಕಾದರು. ಕೊನೆಗೆ ಯಾರೋ, “ಎತ್ತು ಮಲ್ಗ್ಬುಡ್ತು ಕಣ್ರಪ್ಪೋ, ಬಾಲ ತಿರುವ್ರಿ!” ಎಂದು ಕೂಗಿದ. ಇಡೀ ಸಂತೆ ನಕ್ಕಿತು.

ಕಾರ್ಖಾನೆಯ ಮೇಲಿನವರು ಅಂದೇ ಕಾಳಪ್ಪನನ್ನು ಕೆಲಸದಿಂದ ತೆಗೆದರು. ಯಂತ್ರವನ್ನು ಅರಮನೆಗೆ ಹೊತ್ತರು, ಪೆಟ್ಟಿಗೆಯನ್ನು ಅವನ ಮನೆಗೆ ಕಳಿಸಿದರು. ಅಂದಿನಿಂದ ಅವನು ಬೆಣೆ ಕಾಳಪ್ಪ.

ಮೂಗಮ್ಮ ಪೆಟ್ಟಿಗೆಯನ್ನು ಮಲಗಿಸಿ ಅದರಲ್ಲಿ ರಾಗಿ ತುಂಬಿದಳು. “ಗಡಿಯಾರ ಇಲ್ದಿದ್ರೇನು? ಊಟದ್ ಹೊತ್ತು ತಪ್ಪಾಕಿಲ್ಲ ಬುಡಿ,” ಎಂದಳು. ಕಾಳಪ್ಪನೂ ನಗುತ್ತಿದ್ದ. ಮನೆಮನೆಗೆ ಬಾಗಿಲು, ಮಂಚ, ಒನಕೆ ಮಾಡಿಕೊಂಡು ಬದುಕಿದ. ನಡುವೆ ಯುದ್ಧ ಬಂತು. ರಾಗಿಯ ಸಮೇತ ಪೆಟ್ಟಿಗೆಯನ್ನು ಗಾಡಿಗೇರಿಸಿ ಅರಕೆರೆಗೆ ಹೋದರು. ತಿರುಗಿ ಬಂದಾಗ ಗಂಜಾಮಿನ ಬಾಗಿಲು ತೊಲೆಗಳೆಲ್ಲ ಸೌದೆಯಾಗಿದ್ದವು. ಅರ್ಧ ಪೇಟೆಗೆ ಮತ್ತೆ ಬಾಗಿಲು ಇಟ್ಟವನು ಕಾಳಪ್ಪ. ‘ಬೆಣೆ’ ಎಂದು ಕರೆಯುತ್ತಲೇ ಅವನ ಬಾಗಿಲು ಮುಚ್ಚಿಕೊಂಡು ಜನ ನಿಶ್ಚಿಂತೆಯಾಗಿ ಮಲಗಿದರು.

ಅವನಿಗೆ ಇದ್ದ ಆಸೆ ಒಂದೇ, ಅದನ್ನು ನನಗೆ ಎಷ್ಟೋ ಸಲ ಹೇಳಿದ್ದಾನೆ. “ನನ್ ಪೆಟ್ಗೇಲಿ ಅದು ಒಂದ್ಸಲ ಹನ್ನೆರಡು ಹೊಡೀಬೇಕು ಐನೋರೆ. ಜನ ಇರ್ಬೇಕು ಅಂತ ಇಲ್ಲ.” ಒಂದಂಗುಲ ಕೀಸಿಬಿಡಬಾರದೇ ಎಂದರೆ ತಲೆ ಅಲ್ಲಾಡಿಸುತ್ತಿದ್ದ. ಏತಣ್ಣ ಕೊಟ್ಟ ಗಂಟಿನ ದಾರವೂ ಆ ಹುಣಿಸೆಯ ಬೆಣೆಯೂ ಅವನ ಉಳಿಚೀಲದಲ್ಲೇ ಇದ್ದವು.

ಸಂತೆಯಾದ ಒಂಬತ್ತನೆಯ ವರ್ಷಕ್ಕೆ, ಈ ಪಿಂಗಳ ಸಂವತ್ಸರದ ಕಾರ್ತಿಕದಲ್ಲಿ, ಗಾಡಿಯ ಚಲುವರಾಜು ಹಿರೋಡೆಯಿಂದ ಬಂದು ಒಂದು ಮಾತು ಹೇಳಿದ. ಏತಣ್ಣ ಕುಂತಿಬೆಟ್ಟದ ಕೆಳಗೆ, ಪರಂಗಿ ಸಿಪಾಯಿಗಳ ಬಿಡಾರದ ಅಂಚಿನಲ್ಲಿ ಮನೆ ಮಾಡಿದ್ದಾನೆ. ಕಾಲು ಊದಿದೆ, ಎದ್ದು ಓಡಾಡುವುದು ಕಷ್ಟ. ಆ ಗಡಿಯಾರದ ಯಂತ್ರ ಅವನ ಹತ್ತಿರವೇ ಇದೆ. ನಿಂತುಹೋದದ್ದು ನಮಗೇಕೆ, ನೀನೇ ಇಟ್ಟುಕೊ ಎಂದು ಅರಮನೆಯವರು ಕೊಟ್ಟುಬಿಟ್ಟರಂತೆ.

ಕಾಳಪ್ಪ ಅಂದು ಜ್ವರದಲ್ಲಿ ಮಲಗಿದ್ದ. ಎದ್ದು ಕೂತ.

“ಅಂಗಾದ್ರೆ ಈಗ ಅದ್ರ ಒಡೆಯ ಅವ್ನೇ ಅಲ್ವಾ ಐನೋರೆ?”

“ಹೌದು. ಅದಕ್ಕೇನು?”

“ಒಡೆಯನ ಬೆರಳಲ್ಲಿ ಅಳೀಬೇಕು ಆಯ. ನಾ ಅವತ್ತು ಅರಮನೆ ಕೋಲಲ್ಲಿ ಅಳ್ದೆ.”

ನಿಜ. ಒಡೆಯನ ನಡುಬೆರಳಿನ ನಡುಗೆಣ್ಣೇ ಒಂದು ಅಂಗುಲ ಎಂಬುದು ಅವರ ವೃತ್ತಿಯ ಹಳೆಯ ನಿಯಮ. ಒಡೆಯ ಬದಲಾದರೆ ಅಂಗುಲ ಬದಲಾಗುತ್ತದೆ, ಆಯವೂ ಬದಲಾಗುತ್ತದೆ. ಆದರೆ ಒಳ್ಳೆಯದಕ್ಕೇ ಬದಲಾಗಬೇಕೆಂದಿಲ್ಲ. ಅದನ್ನು ಹೇಳಿದೆ. “ಬೆರಳು ನೋಡ್ದೆ ಎಂಗ್ ಗೊತ್ತಾಯ್ತದೆ?” ಎಂದ. ಮೂಗಮ್ಮ ಬೈದಳು, ಬೈಯುತ್ತಲೇ ರಾಗಿಯನ್ನು ಮಡಕೆಗಳಿಗೆ ಸುರಿದು ಪೆಟ್ಟಿಗೆ ಖಾಲಿ ಮಾಡಿದಳು. ಜ್ವರ ಸ್ವಲ್ಪ ಇಳಿದ ಮೇಲೆ ಚಲುವರಾಜುವಿನ ಗಾಡಿಯಲ್ಲಿ ಹೊರಟೆವು. ದಾರಿಯುದ್ದಕ್ಕೂ ಕಾಳಪ್ಪ ಪೆಟ್ಟಿಗೆಗೆ ಒರಗಿ ಕೆಮ್ಮುತ್ತಿದ್ದ.

ಏತಣ್ಣ ಜಗಲಿಯ ಮೇಲೆ ಒಂದು ಕಾಲು ಗಿಡ್ಡವಾಗಿ ಕುಂಟುವ ಹಳೆಯ ಮಣೆಯಲ್ಲಿ ಕೂತಿದ್ದ. ಕೂದಲು ಪೂರ್ತಿ ಬಿಳಿ. ಪೆಟ್ಟಿಗೆ ಇಳಿಸುವುದನ್ನು ನೋಡಿ ಮುಖ ತಿರುಗಿಸಿದ.

“ಇನ್ನೂ ಹೊಗೆ ಇದೆಯೋ, ಹೋಯಿತೋ?”

ಕಾಳಪ್ಪ ಉಸಿರು ಸುಧಾರಿಸಿಕೊಳ್ಳುತ್ತಿದ್ದ. ಮಾತಾಡಿದವಳು ಮೂಗಮ್ಮ. ಇಷ್ಟು ವರ್ಷ ಹೊರಗಿನವರ ಮುಂದೆ ಅವಳ ಬಾಯಿಂದ ಆ ಮಾತು ನಾನು ಕೇಳಿರಲಿಲ್ಲ.

“ನಮ್ ಮಗೀಗೆ ಆಯ ನೋಡ್ದೆ ತೊಟ್ಲು ಕಟ್ಟಿದ್ರು ಕಣಪ್ಪ. ಮಗ ಉಳೀಲಿಲ್ಲ. ಆವತ್ತಿಂದ ಇವ್ರು ಇಂಗೆ.”

ಏತಣ್ಣನಿಗೆ ಎಷ್ಟು ಅರ್ಥವಾಯಿತೋ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಕೈ ಎತ್ತಿ ನನ್ನನ್ನು ತಡೆದ. “ಈಗ ಏನು ಬೇಕು?” ಎಂದ.

“ನಿನ್ ಕೈ,” ಎಂದ ಕಾಳಪ್ಪ.

ಏತಣ್ಣ ಬಲಗೈ ಚಾಚಿದ. ಕಾಳಪ್ಪ ಅವನ ನಡುಬೆರಳು ಮಡಿಸಿ, ನಡುಗೆಣ್ಣನ್ನು ಒಂದು ಕಡ್ಡಿಗೆ ಅಳೆದುಕೊಂಡ. ಆ ಕಡ್ಡಿಯಿಂದ ಹಳೆಯ ದಾರವನ್ನು ಗಂಟಿನಿಂದ ಗಂಟಿಗೆ ಅಳೆದ. ಲೆಕ್ಕ ನಾನು ಮಾಡಿದೆ. ತಪ್ಪಿರಬಹುದೆಂದು ಅವನೂ ನೆಲದ ಮೇಲೆ ಗೀರು ಎಳೆದು ಮಾಡಿದ. ಎರಡರಲ್ಲೂ ಉಳಿದದ್ದು ಒಂದು.

“ಧ್ವಜಾಯ,” ಎಂದ. ಆಮೇಲೆ ಏತಣ್ಣನ ಕೈಯನ್ನು ಮತ್ತೆ ಹಿಡಿದು, “ಅವತ್ತೇ ನಿನ್ ಬೆರಳ್ ಕೇಳ್ಬೇಕಾಗಿತ್ತು ಕಣ್ಲಾ,” ಎಂದ.

“ಕೇಳಿದ್ದರೆ ಕೊಡುತ್ತಿರಲಿಲ್ಲ,” ಎಂದ ಏತಣ್ಣ.

ಆ ಸಂಜೆಯೇ ಕಾಳಪ್ಪ ಪಕ್ಕದ ಹಲಗೆ ಕಳಚಿ, ಹೆಚ್ಚಿನ ಅಂಗುಲ ತೆಗೆಯಲು ಕೂತ. ಚಲುವರಾಜು ಗರಗಸದ ಇನ್ನೊಂದು ತುದಿ ಹಿಡಿದ. ಮಾರನೆಯ ದಿನ ಬೆಳಿಗ್ಗೆ ಕೀಸುಳಿ ಹಾಕುವಾಗ ಮೂರು ಎಳೆತಕ್ಕೊಮ್ಮೆ ನಿಲ್ಲುತ್ತಿದ್ದ. ಸಾಕು ಎಂದು ನಾನು ಹೇಳಿದೆ, ಮೂಗಮ್ಮ ಹೇಳಿದಳು, ಏತಣ್ಣನೂ ಹೇಳಿದ. ಬಿಸಿಲೇರುವ ಹೊತ್ತಿಗೆ ಪೆಟ್ಟಿಗೆ ನಿಂತಿತು. ಏತಣ್ಣ ಕೂತಲ್ಲಿಂದಲೇ ಹೇಳಿಕೊಟ್ಟಂತೆ ಯಂತ್ರವನ್ನು ಒಳಗಿಟ್ಟೆವು. ಎಲ್ಲಿಯೂ ಸಂದಿಯಿಲ್ಲ. ಏತಣ್ಣ ಕಷ್ಟಪಟ್ಟು ಎದ್ದು, ಕೀಲಿ ತಿರುಗಿಸಿ, ತೂಗುಗುಂಡನ್ನು ಬೆರಳಿನಿಂದ ತಳ್ಳಿದ.

ಬೀದಿಯಲ್ಲಿ ಸಿಪಾಯಿಗಳ ಸಾಮಾನಿನ ಗಾಡಿಗಳು ಸಾಲಾಗಿ ಹೋದವು. ಜಗಲಿ ಅದುರಿತು. ಕಾಳಪ್ಪ ಪಕ್ಕದ ಹಲಗೆಗೆ ಅಂಗೈ ಒತ್ತಿ ನಿಂತಿದ್ದ. ಗಡಿಯಾರ ನಿಲ್ಲಲಿಲ್ಲ.

ಹೊಂಗೆಮರದ ಕೆಳಗೆ ಒಲೆ ಹೂಡಿದ್ದ ಮೂಗಮ್ಮ, “ಮುದ್ದೆ ಆರೋಯ್ತದೆ, ಬನ್ನಿ,” ಎಂದು ಕರೆದಳು.

“ಇರಮ್ಮಿ, ಒಂದ್ಸಲ ಹೊಡೀಲಿ.”

ಹನ್ನೆರಡು ಹೊಡೆಯಿತು. ಕೊನೆಯ ಏಟಿನ ಗುಂಯ್ ಎನ್ನುವ ಸದ್ದು ಅಡಗುವವರೆಗೂ ಅವನು ಕೈ ತೆಗೆಯಲಿಲ್ಲ. ಏತಣ್ಣ ಕೂರಲು ತನ್ನ ಮಣೆಗೆ ಕೈಯೂರಿದ. ಮಣೆ ಎಂದಿನಂತೆ ಒಂದು ಪಕ್ಕಕ್ಕೆ ಕುಂಟಿತು. ಕಾಳಪ್ಪ ಅದನ್ನು ನೋಡಿದ. ಉಳಿಚೀಲಕ್ಕೆ ಕೈ ಹಾಕಿ ಹುಣಿಸೆಯ ಬೆಣೆ ತೆಗೆದ, ಕೆಳಗೆ ಕೂತು ಮಣೆಯ ಗಿಡ್ಡ ಕಾಲಿನಡಿ ಅದನ್ನಿಟ್ಟು ಕೊಡತಿಯಿಂದ ಮೆಲ್ಲಗೆ ಬಡಿದ, ಕುಂಟುತ್ತದೆಯೋ ಎಂದು ಎರಡೂ ಕೈಯಿಂದ ಒತ್ತಿ ನೋಡಿದ. ಅಲ್ಲಿಂದ ಅವನು ಮತ್ತೆ ಏಳಲಿಲ್ಲ.