ಬೇಲಿ ಜಗಳದವರ ಸಾಕ್ಷಿ

ಅತ್ತೆಯ ಕಣ್ಣಿನ ಪೊರೆ ತೆಗೆದ ಡಾಕ್ಟರು ಒಂದು ತಿಂಗಳು ನಾಲ್ಕು ಕೆಲಸ ಮಾಡಕೂಡದು ಎಂದಿದ್ದರು. ಓದಬಾರದು, ಟಿವಿ ನೋಡಬಾರದು, ಒಲೆಯ ಮುಂದೆ ನಿಲ್ಲಬಾರದು, ಅಳಬಾರದು. "ಧಾರಾವಾಹಿ ನೋಡಬಾರ್ದು ಅಂದ್ಮೇಲೆ ಅಳು ಎಲ್ಲಿಂದ ಬರುತ್ತೆ ಡಾಕ್ಟ್ರೇ, ಒಂದನ್ನ ಹೇಳಿದ್ರೆ ಸಾಕಿತ್ತು" ಎಂದು ಅತ್ತೆ ಅವರಿಗೇ ತಿರುಗಿಸಿ ಹೇಳಿ ಬಂದಿದ್ದಳು. ಅಪ್ಪನ ಅಕ್ಕ ಅವಳು, ತೀರ್ಥಹಳ್ಳಿಯವಳು. ಆಪರೇಷನ್ ಆದ ಮೇಲೆ ಸಾಗರದ ನಮ್ಮ ಮನೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು, ಜಗಲಿಯ ಕುರ್ಚಿಯಲ್ಲಿ ಕೂತು ಬೇಸರದಿಂದ ಸಾಯುತ್ತಿದ್ದಳು.

ಅದೇ ಜಗಲಿಯ ಇನ್ನೊಂದು ತುದಿಯಲ್ಲಿ ನಾನು ಪ್ರವೇಶ ಪರೀಕ್ಷೆಯ ಪುಸ್ತಕ ಹಿಡಿದು ಸಾಯುತ್ತಿದ್ದೆ. ನನಗೆ ಮೂವತ್ತೊಂದು ವರ್ಷ. ಕೋರ್ಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ವಕೀಲರ ಅರ್ಜಿಗಳನ್ನು ಟೈಪ್ ಮಾಡುವ ಕೆಲಸ. ಏಳು ವರ್ಷ ಬೇರೆಯವರ ವಾದ ಕುಟ್ಟಿದ ಮೇಲೆ, ಇವರಲ್ಲಿ ಅರ್ಧ ಜನಕ್ಕಿಂತ ನಾನೇ ವಾಸಿ ಎಂಬ ಸೊಕ್ಕು ಬಂದು, ಲಾ ಓದುತ್ತೇನೆ ಎಂದು ಹೊರಟಿದ್ದೆ.

ಸೊಕ್ಕು ಇಳಿಸಿದ್ದು ಆ ಪುಸ್ತಕ. ಅದರಲ್ಲಿ ಒಂದು ಬಗೆಯ ಪ್ರಶ್ನೆ ಇರುತ್ತದೆ. ಮೇಲೆ ಯಾರದೋ ಒಂದು ವಾದ. ಕೆಳಗೆ ನಾಲ್ಕು ಹೇಳಿಕೆ. ಇವುಗಳಲ್ಲಿ ಯಾವುದು ನಿಜವಾದರೆ ಮೇಲಿನ ವಾದಕ್ಕೆ ಹೆಚ್ಚು ಬಲ ಬರುತ್ತದೆ? ಹತ್ತು ಮಾಡಿದರೆ ನನ್ನವು ಏಳು ತಪ್ಪು. ಕಾರಣ ಆಮೇಲೆ ಗೊತ್ತಾಯಿತು. ಅರ್ಜಿಯಲ್ಲಿ ಒಂದೇ ಮಾತನ್ನು ಮೂರು ಕಡೆ ಬರೆದು, ಕೊನೆಯಲ್ಲಿ 'ಅತ್ಯಂತ ವಿನಮ್ರವಾಗಿ' ಎಂದು ಸೇರಿಸಿದರೆ ವಾದ ಗಟ್ಟಿಯಾಯಿತು ಎಂಬುದು ನಮ್ಮ ಅಂಗಡಿಯ ನಂಬಿಕೆ. ಹಾಗಾಗಿ ನಾಲ್ಕರಲ್ಲಿ ಯಾವುದು ಮೇಲಿನ ಮಾತನ್ನೇ ಇನ್ನೊಮ್ಮೆ ಜೋರಾಗಿ ಹೇಳುತ್ತದೋ ಅದಕ್ಕೇ ಗುರುತು ಹಾಕುತ್ತಿದ್ದೆ.

ಫಾರಂ ತುಂಬಲು ಇನ್ನು ಮೂರು ವಾರ ಇತ್ತು. ಅಪ್ಪ ಬೇಡ ಎಂದಿದ್ದ. ಸರ್ವೆ ಇಲಾಖೆಯಲ್ಲಿ ಜಮೀನು ಅಳೆದು ನಿವೃತ್ತನಾದವನು. ಮಗಳನ್ನೂ ಒಮ್ಮೆ ಅಳೆದು ಗಡಿಕಲ್ಲು ನೆಟ್ಟುಬಿಟ್ಟಿದ್ದ. "ಇವಳು ಆರಂಭಶೂರಿ. ಸಂಗೀತ ಬಿಟ್ಲು, ಬಿ.ಎಡ್. ಅರ್ಧಕ್ಕೆ ಬಿಟ್ಲು, ಕೂಡಿಬಂದಿದ್ದ ಮದ್ವೆ ಸಂಬಂಧ ಬಿಟ್ಲು. ಲಾ ಒಂದು ಬಿಡೋದು ಬಾಕಿ ಇತ್ತು." ಇದನ್ನು ಮನೆಯೊಳಗೆ ಮಾತ್ರ ಹೇಳಿದ್ದರೆ ಪರವಾಗಿರಲಿಲ್ಲ. ಹಾಲಿನವನಿಗೂ ಹೇಳಿದ್ದ. ಮೂವತ್ತೊಂದರ ಹೆಂಗಸಿಗೆ ಅಪ್ಪನ ಒಪ್ಪಿಗೆ ಯಾಕೆ ಎಂದು ನೀವು ಕೇಳಬಹುದು. ಫಾರಂಗೆ ಅವನ ಸಹಿ ಬೇಕಾಗಿರಲಿಲ್ಲ. ಆದರೆ ಆ ಮಾತನ್ನು ಕೇಳಿ ಕೇಳಿ ನಾನೂ ನಂಬಿಬಿಟ್ಟಿದ್ದೆ. ಫಾರಂ ತೆರೆದು ಹೆಸರು ತುಂಬಿದ ಕೂಡಲೇ 'ಇದನ್ನೂ ಬಿಡುವವಳೇ ತಾನೆ' ಎನಿಸಿ ಮುಚ್ಚಿಡುತ್ತಿದ್ದೆ.

"ಎಂತ ಮಾರಾಯ್ತಿ ಅದು, ಗೊಣಗೊಣ? ಜೋರಾಗಿ ಓದು, ನಂಗೂ ಹೊತ್ತು ಹೋಗುತ್ತೆ" ಎಂದಳು ಅತ್ತೆ ಒಂದು ದಿನ.

ಇಂಗ್ಲಿಷಿನಲ್ಲಿದ್ದುದನ್ನು ಕನ್ನಡಕ್ಕೆ ಇಳಿಸಿ ಹೇಳಿದೆ. ಒಂದು ಊರಿನಲ್ಲಿ ಹೊಸ ಬೀದಿ ದೀಪ ಹಾಕಿಸಿದರು. ಆ ವರ್ಷ ಕಳ್ಳತನ ಕಡಿಮೆಯಾಯಿತು. ಹಾಗಾಗಿ ಕಳ್ಳತನ ಕಡಿಮೆಯಾದದ್ದು ದೀಪದಿಂದ.

"ಕಳ್ಳ ಸತ್ತುಹೋಗಿದ್ರೆ?" ಎಂದಳು ಅತ್ತೆ.

"ಅತ್ತೆ, ಕಳ್ಳನ ವಿಷಯ ಇಲ್ಲ ಇದ್ರಲ್ಲಿ."

"ಇಲ್ದೆ ಏನು? ಕಳ್ಳತನ ಅಂದ್ಮೇಲೆ ಕಳ್ಳ ಇರ್ಬೇಕಲ್ಲ. ಸತ್ತಿರ್ಬಹುದು. ಇಲ್ಲಾ, ಮದ್ವೆಯಾಗಿ ಹೆಂಡ್ತಿ ಊರಿಗೆ ಹೋಗಿರ್ಬಹುದು. ಪಕ್ಕದೂರಲ್ಲಿ ದೀಪ ಹಾಕ್ಸಿದ್ರಾ? ಅಲ್ಲಿ ಕಳ್ಳತನ ಏನಾಯ್ತು? ಅದನ್ನ ಕೇಳ್ಕೊಂಡು ಬಾ ಮೊದ್ಲು."

ಹೇಳಿಕೆಗಳನ್ನು ನಾನಿನ್ನೂ ಅವಳಿಗೆ ಓದಿ ಹೇಳಿರಲಿಲ್ಲ. ಮೂರನೆಯದು ಅದೇ ಆಗಿತ್ತು: ದೀಪ ಹಾಕಿಸದ ಪಕ್ಕದ ಊರಿನಲ್ಲಿ ಕಳ್ಳತನ ಹಿಂದಿನಷ್ಟೇ ಇತ್ತು. ಉತ್ತರವೂ ಅದೇ. ನಾನು ಗುರುತು ಹಾಕಿದ್ದು 'ದೀಪಗಳು ಊರಿನ ಸುರಕ್ಷತೆಗೆ ಅತ್ಯಗತ್ಯ' ಎಂಬುದಕ್ಕೆ.

ನನಗೆ ಸಿಟ್ಟು ಬಂತು. ಏಳನೇ ಕ್ಲಾಸು ಓದಿದ ಹೆಂಗಸು ಕಣ್ಣು ಮುಚ್ಚಿಕೊಂಡು ಹೇಳುತ್ತಾಳೆ, ನಾನು ಕಣ್ಣು ಬಿಟ್ಟುಕೊಂಡು ತಪ್ಪು ಮಾಡುತ್ತೇನೆ. 'ನಿಜವಾದರೆ' ಎಂಬ ಒಂದು ಮಾತಿಗೆ ಮಾತ್ರ ಅವಳೂ ಎರಡು ದಿನ ತಕರಾರು ಮಾಡಿದಳು. ನಿಜವೋ ಸುಳ್ಳೋ ವಿಚಾರಿಸದೆ ಒಪ್ಪುವುದು ಹೇಗೆ? ಆಮೇಲೆ ಅವಳೇ ದಾರಿ ಕಂಡುಕೊಂಡಳು. "ಹೆಣ್ಣು ನೋಡೋಕೆ ಹೋದಾಗ ಅವ್ರು ಹೇಳಿದ್ದೆಲ್ಲ ಸದ್ಯಕ್ಕೆ ನಿಜ ಅಂತ ಕೂತು ಉಪ್ಪಿಟ್ಟು ತಿನ್ನಲ್ವಾ, ಹಂಗೆ."

ಅವಳ ವಿದ್ಯೆಯ ಗುಟ್ಟೂ ಅಲ್ಲೇ ಇತ್ತು. ನಲವತ್ತು ವರ್ಷದಿಂದ ತೀರ್ಥಹಳ್ಳಿ, ಮೇಳಿಗೆ, ಹೊಸನಗರ ಎಂದು ಮೂರೂ ಕಡೆ ಗಂಡು ಹೆಣ್ಣು ಜೋಡಿಸಿದವಳು ಅತ್ತೆ. ಅದು ಉದ್ಯೋಗವಲ್ಲ, ಚಟ. ಜಾತಕ ಕೂಡಿದ ಮೇಲೆ ಒಳಗಿಂದೊಳಗೆ ವಿಚಾರಿಸುವ ಕೆಲಸ ಅವಳದೇ. ಒಂದು ದಿನ ಔಷಧಿ ಕಂಪನಿಯೊಂದರ ಪ್ರಶ್ನೆ ಬಂತು. ನಮ್ಮ ಮಾತ್ರೆ ಒಳ್ಳೆಯದು ಎಂಬುದು ಕಂಪನಿಯ ವಾದ. ಅತ್ತೆ ಮಾಲೀಕನ ಹೇಳಿಕೆಯನ್ನೂ ಗಿರಾಕಿಗಳ ಹೊಗಳಿಕೆಯನ್ನೂ ಕೈಬೀಸಿ ಓಡಿಸಿ, ಎದುರಾಳಿ ಕಂಪನಿಯ ಪರೀಕ್ಷೆಯಲ್ಲೂ ಆ ಮಾತ್ರೆ ಗೆದ್ದಿತು ಎಂಬುದನ್ನು ಹಿಡಿದಳು.

"ಗಂಡಿನ ಬಗ್ಗೆ ನೆಂಟರನ್ನ ಕೇಳಬಾರ್ದು. ಹೆತ್ತವರಿಗೆ ಹೆಗ್ಗಣ ಮುದ್ದು. ಭಟ್ರನ್ನೂ ಕೇಳಬಾರ್ದು, ಮದ್ವೆ ಮಾಡಿಸೋರು ಅವ್ರೇ. ಅವ್ನ ಜೊತೆ ಬೇಲಿ ಜಗಳ ಇರೋನು ಯಾರು ಅಂತ ಹುಡ್ಕಿ ಅವ್ರ ಮನೇಲಿ ಒಂದು ಲೋಟ ನೀರು ಕೇಳಬೇಕು. 'ಆ ಹಾಳಾದವ್ನಾ? ಎರಡಡಿ ಒತ್ತಿದಾನೆ ನನ್ನ ಜಾಗನ. ಆದ್ರೆ ಕುಡಿಯಲ್ಲ' ಅಂತಾನೆ. ಮುಗೀತು. ಕುಡಿಯಲ್ಲ ಅನ್ನೋದಕ್ಕೆ ಇನ್ನು ಬ್ರಹ್ಮ ಬಂದು ಸಾಕ್ಷಿ ಹೇಳೋದು ಬೇಡ."

ಆ ದಿನದಿಂದ ನಾಲ್ಕು ಹೇಳಿಕೆಗಳಲ್ಲಿ ಬೇಲಿ ಜಗಳದವನು ಯಾರು ಎಂದು ಹುಡುಕತೊಡಗಿದೆ. ತಪ್ಪು ಏಳರಿಂದ ಎರಡಕ್ಕೆ ಇಳಿಯಿತು.

ಇಷ್ಟಾದರೂ ಫಾರಂ ಹಾಗೇ ಇತ್ತು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ನಾನೇ ಅಪ್ಪನ ಹತ್ತಿರ ವಾದಕ್ಕೆ ಕೂತೆ. ನಮ್ಮ ಅಂಗಡಿಗೆ ಬರುವ ಹಿರಿಯ ವಕೀಲರೊಬ್ಬರು ನನ್ನ ಬುದ್ಧಿಯನ್ನು ಹೊಗಳಿದ್ದನ್ನು ಹೇಳಿದೆ.

"ಅವ್ರಿಗೆ ನೀನು ಟೈಪ್ ಮಾಡಿ ಕೊಡ್ತೀಯ, ಹೊಗಳ್ದೆ ಏನ್ಮಾಡ್ತಾರೆ?" ಎಂದದ್ದು ಅಪ್ಪನಲ್ಲ, ಅತ್ತೆ. ನನ್ನ ಕಡೆಯವಳು ಎಂದುಕೊಂಡಿದ್ದೆ! ಅಪ್ಪ ಖುಷಿಯಿಂದ ಇನ್ನೊಂದು ಸೌಟು ಸಾರು ಹಾಕಿಕೊಂಡ. "ಹೊಸನಗರದವ್ರ ಹುಡುಗನ್ನ ಯಾಕೆ ಬಿಟ್ಟೆ ಅನ್ನೋದನ್ನ ಇವತ್ತಿಗೂ ಬಾಯಿಬಿಟ್ಟಿಲ್ಲ ಇವಳು. ಕಾರಣ ಇದ್ರೆ ತಾನೆ ಹೇಳೋಕೆ!"

ಕಾರಣ ಇತ್ತು. ಎಂಟು ವರ್ಷದ ಹಿಂದಿನ ಸಂಬಂಧ ಅದು, ಅತ್ತೆ ನೋಡಿದ್ದಲ್ಲ. ಹುಡುಗ ಇಂಜಿನಿಯರ್ ಎಂದಿದ್ದರು. ಮನೆ ನೋಡಲು ಹೋದಾಗ ಕಾಲೇಜು, ವರ್ಷ, ಅದು ಇದು ಎಂದು ಕೇಳುತ್ತಾ ಹೋದೆ. ನನ್ನ ಬಾಯಿ ಸುಮ್ಮನಿರುವುದಿಲ್ಲ. ಕೊನೆಗೆ ಅವನ ತಾಯಿ ನನ್ನನ್ನು ಅಡುಗೆಮನೆಗೆ ಕರೆದು, ನಾಲ್ಕು ಪೇಪರು ಉಳಿದಿವೆ, ಡಿಗ್ರಿ ಆಗಿಲ್ಲ ಎಂದು ಒಪ್ಪಿಕೊಂಡರು. ಯಾರಿಗೂ ಹೇಳಬೇಡ, ಅವನಿಗೆ ಇನ್ನೆಲ್ಲೂ ಹೆಣ್ಣು ಸಿಗುವುದಿಲ್ಲ ಎಂದು ಕೈಹಿಡಿದರು. ಸುಳ್ಳು ಹೇಳಿದ ಮನೆಗೆ ಬರುವುದಿಲ್ಲ ಎಂದೆ, ಆದರೆ ಯಾರಿಗೂ ಹೇಳುವುದಿಲ್ಲ ಎಂದೂ ಮಾತು ಕೊಟ್ಟೆ. ಆಮೇಲೆ ಅಪ್ಪ ನನ್ನನ್ನು ಆರಂಭಶೂರಿ ಎಂದು ಕರೆದಾಗಲೆಲ್ಲ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದ್ದೇನೆ.

ಅತ್ತೆಗೂ ಹೇಳಿರಲಿಲ್ಲ. ಅವಳು ಕೇಳಲೂ ಇಲ್ಲ. ಮಾರನೆಯ ವಾರ ಡಾಕ್ಟರು ಓಡಾಡಬಹುದು ಎಂದದ್ದೇ ತಡ, ತೀರ್ಥಹಳ್ಳಿಯಲ್ಲಿ ಯಾರನ್ನೋ ನೋಡಬೇಕು ಎಂದು ಹೇಳಿ, ಕಪ್ಪು ಕನ್ನಡಕದಲ್ಲೇ ಬೆಳಗಿನ ಬಸ್ಸು ಹತ್ತಿದಳು. ಸಂಜೆ ಬಂದವಳು ಚಪ್ಪಲಿ ಬಿಡುವ ಮೊದಲೇ "ತಮ್ಮ, ಬಾ ಇಲ್ಲಿ" ಎಂದಳು.

ಹೋದದ್ದು ತೀರ್ಥಹಳ್ಳಿಗಲ್ಲ, ಹೊಸನಗರದ ಆ ಹುಡುಗನ ಮನೆಗೆ. ಪರಿಚಯ ಹೇಳಿಕೊಂಡಿಲ್ಲ. ಮೇಳಿಗೆಯ ಕಡೆ ಒಬ್ಬ ಹುಡುಗನಿಗೆ ಸಾಗರದ ಈ ಹುಡುಗಿಯನ್ನು ನೋಡುತ್ತಿದ್ದೇವೆ, ನಿಮಗೆ ಗೊತ್ತಂತಲ್ಲ, ಹುಡುಗಿ ಹೇಗೆ ಎಂದು ನೀರು ಕೇಳುವ ನೆಪದಲ್ಲಿ ವಿಚಾರಿಸಿದ್ದಾಳೆ. ನನಗೆ ಮೈಯೆಲ್ಲ ಉರಿಯಿತು. "ಯಾರನ್ನ ಕೇಳಿ ಹೋದೆ ನೀನು?" ಎಂದು ಕೂಗಿದೆ.

"ಕೂಗಬೇಡ. ಬೇಲಿ ಜಗಳದವ್ರು ಅಂದ್ರೆ ನಿಂಗೆ ಇರೋದು ಅವ್ರೊಬ್ರೇ" ಎಂದು ಅತ್ತೆ ಅಪ್ಪನ ಕಡೆ ತಿರುಗಿದಳು. "ಆ ಹುಡುಗನ ತಾಯಿ ಬಯ್ದ್ರು, ಸರಿಯಾಗೇ ಬಯ್ದ್ರು. ಸೊಕ್ಕಿನ ಹೆಣ್ಣು, ನಮ್ಮ ಮನೆ ಜಗಲೀಲೇ ಕೂತು ಪೋಲೀಸ್ನೋರ ಹಂಗೆ ಕೇಳಿದ್ಲು, ನಿಮ್ಮ ಶತ್ರುವಿನ ಮನೆಗೂ ತರಬೇಡಿ ಅಂದ್ರು. ಆಮೇಲೆ ತಾವೇ ಬಾಯಿಬಿಟ್ರು. ನನ್ನ ಮಗ ಡಿಗ್ರಿ ಮುಗಿಸಿರ್ಲಿಲ್ಲ, ನಾವು ಸುಳ್ಳು ಹೇಳಿದ್ವಿ, ಈಗ ಅವ್ನಿಗೆ ಡಿಗ್ರಿ, ಕೆಲಸ, ಎರಡು ಮಕ್ಕಳು ಎಲ್ಲ ಆಗಿದೆ, ಮುಚ್ಚಿಡೋದೇನು ಅಂದ್ರು. ಆ ಹುಡುಗಿ ಒಂದು ಮಾತು ಆಡಿದ್ರೆ ನಮ್ಮ ಮರ್ಯಾದೆ ಹೋಗ್ತಿತ್ತು. ಎಂಟು ವರ್ಷ ಆಯ್ತು, ಒಂದು ಪಿಸುಮಾತು ಕೇಳಿಲ್ಲ ನಾವು. ಸೊಕ್ಕಿರ್ಲಿ ಏನಿರ್ಲಿ, ಹಿಡಿದ ಮಾತು ಬಿಡೋಳಲ್ಲ ಅವಳು ಅಂದ್ರು."

ಅಪ್ಪ ನನ್ನ ಕಡೆ ನೋಡಿದ. "ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಲ್ಲ ಅಂತ ಮಾತು ಕೊಟ್ಟಿದ್ದೆ."

"ಕಂಡಕಂಡೋರ ಹತ್ರ ಹೇಳ್ಕೊಂಡು ಬಂದೆನಲ್ಲೇ ನಾನು" ಎಂದ. ನಂತರ ಒಳಗೆ ಹೋಗಿ ಕ್ಯಾಲೆಂಡರನ್ನು ಮೊಳೆ ಸಮೇತ ಕಿತ್ತು ತಂದು, ಪರೀಕ್ಷೆ ಯಾವ ತಾರೀಕು, ಎಷ್ಟು ಗಂಟೆಗೆ, ಶಿವಮೊಗ್ಗಕ್ಕೆ ಎಷ್ಟು ಹೊತ್ತಿನ ಬಸ್ಸಿಗೆ ಹೋದರೆ ಸರಿ ಎಂದು ಕೇಳತೊಡಗಿದ.

ಎಂಟು ವರ್ಷ ನುಂಗಿದ್ದೆಲ್ಲ ಒಟ್ಟಿಗೆ ಬಂದು, ನಾನು ಜಗಲಿಯ ಮೆಟ್ಟಿಲ ಮೇಲೆ ಕೂತು ಚಿಕ್ಕ ಮಕ್ಕಳ ಹಾಗೆ ಅತ್ತುಬಿಟ್ಟೆ.

"ಏ, ಅಳಬೇಡ ಕಣೇ" ಎಂದು ಅತ್ತೆ ಕಪ್ಪು ಕನ್ನಡಕ ಎತ್ತಿ, ಸೆರಗಿನ ತುದಿಯನ್ನು ಕೆನ್ನೆಗೆ ಒತ್ತಿಕೊಂಡಳು. "ಡಾಕ್ಟ್ರು ಬೇಡ ಅಂದಿದ್ದು ನಂಗೆ."