ನಿಂಬೆಹಣ್ಣು ದಾಟಿದ ಚಕ್ರ

ಚಪ್ಪಲಿ ಅಂಗಡಿಯ ಜಮಖಾನೆಯ ಮೇಲೆ ಕಾಲು ಕಚ್ಚಿದ ಚಪ್ಪಲಿಯನ್ನು ನಾನು ಈವರೆಗೆ ಕಂಡಿಲ್ಲ. ಅಲ್ಲಿ ಎಂಥ ಪಾದರಕ್ಷೆಯೂ ಪರಮ ಸಾಧು. ಲಕ್ಷ್ಮೇಶ್ವರದ ಪೇಟೆ ದಾಟಿ ಮನೆ ಸೇರುವಷ್ಟರಲ್ಲಿ ಆ ರಕ್ಷಕನೇ ಭಕ್ಷಕನಾಗಿ ಕಿರುಬೆರಳನ್ನು ಅರ್ಧ ತಿಂದಿರುತ್ತಾನೆ. ಕನ್ನಡ ಪಾಠ ಹೇಳುವ ನನ್ನಂಥ ಆಯ್ಕೆಪಟುವನ್ನು ನಮ್ಮ ಶಾಲೆಯ ರೋಬೋಟ್ ತಂಡದ ಮೇಲ್ವಿಚಾರಕನನ್ನಾಗಿ ಮಾಡಿದರು ಎಂದ ಮೇಲೆ, ಓದುಗ ಮಿತ್ರರೇ, ಆ ರೋಬೋಟಿನ ಜಾತಕವನ್ನು ನೀವೇ ಊಹಿಸಿಕೊಳ್ಳಿ.

ತಂಡದ ಜೀವ ಇಬ್ಬರು ಹುಡುಗಿಯರು: ಬೆಳ್ಳಟ್ಟಿಯಿಂದ ಬಸ್ಸಿಗೆ ಬರುವ ಸವಿತಾ, ಇಲ್ಲಿಯ ಜೋಳದ ವ್ಯಾಪಾರಿಯ ಮಗಳು ನಾಜಿಮಾ. ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದ ಈ ಗೆಳತಿಯರು ಚಕ್ರದ ವಿಷಯಕ್ಕೆ ಮುನಿಸಿಕೊಂಡರು. ಅಂಚಿನ ಸುತ್ತ ಪುಟ್ಟ ಉರುಳೆಗಳಿದ್ದು, ಪಕ್ಕಕ್ಕೂ ಸಲೀಸಾಗಿ ಜಾರುವ ಚಕ್ರಗಳು ನಾಜಿಮಾಗೆ ಬೇಕು. ಅವುಗಳ ಮೇಲೆ ರೋಬೋಟ್ ತಿರುಗಿದರೆ ಅದೊಂದು ನೃತ್ಯ. ಸವಿತಾಗೆ ನೆಲ ಬಿಗಿಹಿಡಿಯುವ ಸಾದಾ ರಬ್ಬರ್ ಚಕ್ರಗಳೇ ಬೇಕು. ಅವುಗಳ ಮೇಲೆ ರೋಬೋಟ್ ತಿರುಗಲು ಎಮ್ಮೆಯಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು. ನಾಜಿಮಾಳ ಅಪ್ಪನ ಗೋದಾಮಿನ ನುಣುಪು ನೆಲದ ಮೇಲೆ ಅಭ್ಯಾಸ ನಡೆದಿದ್ದರಿಂದ ನೃತ್ಯವೇ ಗೆದ್ದಿತು. ನಾನೂ ಅದಕ್ಕೇ ಕೈಯೆತ್ತಿದೆ. ಸವಿತಾ “ಆತ್ರಿ ಸರ” ಎಂದಷ್ಟೇ ಹೇಳಿ, ಮರುದಿನದಿಂದ ಬೇರೆ ಬೆಂಚಿನಲ್ಲಿ ಊಟಕ್ಕೆ ಕೂತಳು. ಗದಗಿನಲ್ಲಿ ನಡೆಯಲಿದ್ದ ರೋಬೋಟ್ ಸ್ಪರ್ಧೆಗಿಂತ ನನಗೆ ಆ ಡಬ್ಬಿಯ ಚಿಂತೆಯೇ ಹೆಚ್ಚಾಯಿತು.

ಹೊರಡುವ ಮುಂಜಾನೆ ನಮ್ಮ ಮುಖ್ಯೋಪಾಧ್ಯಾಯಿನಿ ರೋಬೋಟಿಗೆ ಕುಂಕುಮ ಹಚ್ಚಿ, ಹೊಸ ಟ್ರ್ಯಾಕ್ಟರಿಗೆ ಸಲ್ಲುವ ಸಕಲ ಮರ್ಯಾದೆಯೊಂದಿಗೆ ಮುಂದಿನ ಚಕ್ರಗಳೆದುರು ಎರಡು ನಿಂಬೆಹಣ್ಣು ಇಟ್ಟರು.

“ಗಾಲಿ ಇದ್ದದ್ದೆಲ್ಲಾ ಗಾಡಿನ. ನಡಸ್ರಿ ಇನ್ನ” ಎಂದರು.

ನಾಜಿಮಾ ಗುಂಡಿ ಒತ್ತಿದಳು. ರೋಬೋಟ್ ನಿಂಬೆಹಣ್ಣನ್ನು ಮುಟ್ಟಿತು, ಸಂಕೋಚಪಟ್ಟಿತು, ಪಕ್ಕಕ್ಕೆ ಜಾರಿ ಆರತಿ ತಟ್ಟೆಗೆ ಹಣೆ ಹಚ್ಚಿ ನಿಂತಿತು. ಅಪಶಕುನವೆಂದು ಎಲ್ಲರ ಮುಖ ಇಳಿಯಿತು. ನನ್ನದು ಎಲ್ಲರಿಗಿಂತ ಮೊದಲು.

“ಶಕುನ ಅಲ್ರಿ ಅಕ್ಕೋರ, ಗದಗಿನ್ಯಾಗ ದಾಟೋ ಪಟ್ಟಿನೂ ಇಷ್ಟ ಎತ್ತರ ಐತಿ” ಎಂದಳು ಸವಿತಾ.

ಹೌದು, ಅಂಕಣದ ನಡುವೆ ಮರದ ಪಟ್ಟಿಯೊಂದು ಇರುತ್ತದೆಂದು ಸ್ಪರ್ಧೆಯ ನಿಯಮಗಳಲ್ಲಿ ನಾವೆಲ್ಲ ಓದಿದ್ದೆವು; ಗೋದಾಮಿನ ನುಣುಪಿನಲ್ಲಿ ಅದನ್ನು ಮರೆತಿದ್ದೆವು. ಈಗ ಜಗಳ ಖಾತ್ರಿ ಎಂದುಕೊಂಡೆ. ನಾಜಿಮಾ ನೆಲಕ್ಕೆ ಕೂತು ರೋಬೋಟನ್ನು ಮಗುಚಿದಳು.

“ಸವಿ, ಹಿಂದ ನಿನ್ನ ಗಾಲಿ ಹಾಕೋಣು, ಮುಂದ ನನ್ವು ಇರ್ಲಿ. ಪಾನಾ ಕೊಡ, ಜಲ್ದಿ.”

ಇಬ್ಬರೂ ತಲೆಗೆ ತಲೆ ತಾಗಿಸಿ ಪಾನಾದಿಂದ ಬೋಲ್ಟು ಬಿಚ್ಚತೊಡಗಿದರು. ಚಕ್ರ ಬದಲಾದ ಮೇಲೆ ಹಿಂದಿನ ರಬ್ಬರ್ ನೆಲ ಹಿಡಿದು ನೂಕಿತು, ಮುಂದಿನ ಉರುಳೆಗಳು ಹಗುರಾಗಿ ತಿರುಗಿದವು, ರೋಬೋಟ್ ನಿಂಬೆಹಣ್ಣು ಹತ್ತಿ ಇಳಿಯಿತು. ಅಕ್ಕೋರು ಇನ್ನೊಮ್ಮೆ ಆರತಿ ಎತ್ತಿದರು.

ಗದಗಿನಲ್ಲಿ ಪಟ್ಟಿ ನಮಗೆ ಲೆಕ್ಕಕ್ಕೇ ಬರಲಿಲ್ಲ. ಕೊನೆಯ ಸುತ್ತಿನಲ್ಲಿ ಬ್ಯಾಟರಿ ಕೈಕೊಟ್ಟು ಎರಡನೆಯವರಾದೆವು. ಮರಳುವ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಶೇಂಗಾ ಚಟ್ನಿಯ ವಾಸನೆ ಬಂತು; ತಿರುಗಿ ನೋಡಿದರೆ ಇಬ್ಬರ ನಡುವೆ ಒಂದೇ ಡಬ್ಬಿ. “ತಗೋರಿ ಸರ” ಎಂದು ನನಗೂ ಅರ್ಧ ರೊಟ್ಟಿ ಬಂತು. ಮೊದಲ ಬಹುಮಾನ ಬಂದಿದ್ದರೂ ನನಗೆ ಅಷ್ಟು ಸಂತೋಷವಾಗುತ್ತಿರಲಿಲ್ಲ.

ಮೊನ್ನೆ ಮತ್ತೆ ಚಪ್ಪಲಿ ಕೊಳ್ಳಲು ಹೋಗಿದ್ದೆ. ಜಮಖಾನೆಯ ಮೇಲೆ ಎಂದಿನಂತೆ ಅದು ಪರಮ ಸಾಧು. ನಾನು ಅದನ್ನು ಮೆಟ್ಟಿಕೊಂಡೇ ರಸ್ತೆಯ ಜಲ್ಲಿಕಲ್ಲಿಗೆ ಇಳಿದೆ. ಅಂಗಡಿಯವರು ಗಾಬರಿಯಾಗಿ “ಎಲ್ಲಿ ಹೊಂಟ್ರಿ ಸರ?” ಎಂದು ಕೂಗಿದರು.

“ಎಲ್ಲೂ ಇಲ್ರಿ. ನಿಮ್ಮ ಹತ್ರ ಒಂದು ನಿಂಬಿಹಣ್ಣು ಐತೇನು?” ಎಂದೆ.