ಸೂಜಿ ಅಕ್ಕನ ಗೇರ್‌ಬಾಕ್ಸ್

ಬೆಳಿಗ್ಗೆ ಆರಕ್ಕೆಲ್ಲ ಅವಳ ಕೆಲಸ ಶುರುವಾಗುತ್ತಿತ್ತು. ಲ್ಯಾಬಿನವರು ವಿಳಾಸಗಳ ಪಟ್ಟಿಯನ್ನು ಹಿಂದಿನ ದಿನವೇ ಕಳಿಸಿರುತ್ತಿದ್ದರು. ಹಾಸಿಗೆ ಬಿಟ್ಟೇಳಲಾಗದವರ, ಮೆಟ್ಟಿಲು ಇಳಿಯಲಾಗದವರ ಮನೆಗಳಿಗೆ ಹೋಗಿ ರಕ್ತ ತೆಗೆದು, ಟ್ಯೂಬುಗಳನ್ನು ಐಸ್ ಡಬ್ಬಿಯಲ್ಲಿಟ್ಟು, ಹತ್ತೂವರೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಎಂಥ ಒಣಗಿದ ತೋಳಾದರೂ ಒಂದೇ ಸಲಕ್ಕೆ ನರ ಹಿಡಿಯುತ್ತಿದ್ದಳು. ಯಾರದೋ ಮನೆಯ ಮಗು ಅವಳಿಗೆ ಸೂಜಿ ಅಕ್ಕ ಅಂತ ಹೆಸರಿಟ್ಟಿತು. ಆಮೇಲೆ ಎಂಬತ್ತು ದಾಟಿದವರೂ ಅವಳನ್ನು ಅಕ್ಕ ಅಂತಲೇ ಕರೆದರು.

ಕ್ಲಚ್ ತುಳಿದು ತುಳಿದು ಎಡಮೊಣಕಾಲು ಸವೆದುಹೋದ ಮೇಲೆ ಅವಳು ಆಟೋಮ್ಯಾಟಿಕ್ ಕಾರು ಕೊಂಡಿದ್ದಳು. ಎರಡೂವರೆ ವರ್ಷ ಅದು ಹೇಳಿದ ಮಾತು ಕೇಳಿತು. ಒಂದು ದಿನ ಏರುರಸ್ತೆಯ ಸಿಗ್ನಲ್ಲಿನಲ್ಲಿ ಹಸಿರು ದೀಪ ಬಿತ್ತು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗಿತೇ ಹೊರತು ಕಾರು ಕದಲಲಿಲ್ಲ. ಹಿಂದಿನ ಲಾರಿಯವನು ಹಾರ್ನ್ ಬಾರಿಸಿದ. ಅಷ್ಟರಲ್ಲಿ ಯಾರೋ ಬೆನ್ನಿಗೆ ಒದ್ದ ಹಾಗೆ ಕಾರು ಧಡ್ಡೆಂದು ಮುಂದಕ್ಕೆ ಚಿಮ್ಮಿತು. ಪಕ್ಕದ ಸೀಟಿನ ಡಬ್ಬಿ ಉರುಳಿ ಎರಡು ಟ್ಯೂಬ್ ಒಡೆದವು.

ಒಂದು ಟ್ಯೂಬ್ ಕಡ್ಡಿಯಂಥ ಕೈಯ ಒಬ್ಬ ಅಜ್ಜಿಯದು. ಮತ್ತೆ ಅವರ ಬಾಗಿಲು ತಟ್ಟಿ, "ಇನ್ನೊಂದು ಸಲ ಚುಚ್ಚಬೇಕಮ್ಮಾ" ಅನ್ನುವಾಗ ಸೂಜಿ ಅಕ್ಕನಿಗೆ ತಲೆ ಎತ್ತಲಾಗಲಿಲ್ಲ. ಅಜ್ಜಿ ತೋಳು ಚಾಚಿದರು. ಬೈದಿದ್ದರೇ ವಾಸಿಯಿತ್ತು.

ಸರ್ವಿಸ್ ಸೆಂಟರಿನವರು ಕಾರನ್ನು ಎರಡು ದಿನ ಇಟ್ಟುಕೊಂಡರು. ಕೌಂಟರಿನಲ್ಲಿದ್ದ ಸಲಹೆಗಾರ ತುಂಬಾ ಮರ್ಯಾದಸ್ಥ. "ನಾವೇ ಓಡಿಸಿ ನೋಡಿದ್ವಿ ಮೇಡಂ. ಬೆಣ್ಣೆ ಥರ ಹೋಗ್ತಿದೆ. ಕಂಪ್ಯೂಟರ್ ಹಾಕಿದ್ರೂ ಏನೂ ಬರಲಿಲ್ಲ."

"ಹಾಗಾದ್ರೆ ನಾನು ಸುಳ್ಳು ಹೇಳ್ತಿದೀನಾ?"

"ಅಯ್ಯೋ, ಹಾಗಲ್ಲ ಮೇಡಂ. ವಾರಂಟಿಯಲ್ಲಿ ಏನು ಬದಲಾಯಿಸಬೇಕಾದ್ರೂ ಕಂಪನಿಗೆ ನಾವು ದೋಷ ತೋರಿಸಬೇಕು. ಕಾಣಿಸದೆ ಇರೋದನ್ನ ಹೇಗೆ ತೋರಿಸೋದು?"

ಎರಡನೇ ಸಲವೂ ಅದೇ ಮಾತು, ಮೂರನೇ ಸಲವೂ ಅದೇ. ಕಾರಿನದು ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನೋ ಜಾತಿ. ವರ್ಕ್‌ಶಾಪಿನ ಗೇಟು ದಾಟಿದರೆ ಸಾಕು, ಸಾಧುವಾಗಿಬಿಡುತ್ತಿತ್ತು. "ಥೇಟ್ ನನ್ನ ಹಲ್ಲುನೋವು ಕಣೇ. ಡಾಕ್ಟರ ಮೆಟ್ಟಿಲು ಹತ್ತಿದ್ರೆ ಮಾಯ," ಅಂತ ನಕ್ಕ ಅವಳ ಗಂಡ, ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಭಾನುವಾರ ತಾನೇ ಒಂದು ಸುತ್ತು ಹೊಡೆದು ಬಂದು, "ಚೆನ್ನಾಗೇ ಇದೆಯಲ್ಲ. ನಿನಗೇ ಸುಸ್ತು ಜಾಸ್ತಿಯಾಗಿದೆ. ಕಾಲು ಎಲ್ಲಿಡ್ತಿದೀಯೋ ನಿನಗೇ ಗೊತ್ತಾಗ್ತಿಲ್ಲ," ಅಂದ.

ಸೂಜಿ ಅಕ್ಕ ಬಟ್ಟೆ ಮಡಿಸುತ್ತಲೇ ಇದ್ದಳು. ಮರುದಿನದಿಂದ ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಬಗ್ಗಿ ತನ್ನ ಪಾದವನ್ನೇ ನೋಡಿಕೊಳ್ಳತೊಡಗಿದಳು. ಡಬ್ಬಿಗೆ ಸೀಟುಬೆಲ್ಟ್ ಕಟ್ಟಿದಳು. ಏರುರಸ್ತೆ ತಪ್ಪಿಸಲು ಸುತ್ತುಬಳಸಿನ ದಾರಿ ಹಿಡಿದಳು. ಮನೆ ಸೇರುವ ಹೊತ್ತಿಗೆ ಚಪ್ಪಲಿ ಬಿಡಲೂ ತ್ರಾಣ ಉಳಿಯುತ್ತಿರಲಿಲ್ಲ.

ಅವಳು ತಿಂಗಳಿಗೊಮ್ಮೆ ರಕ್ತ ತೆಗೆಯುತ್ತಿದ್ದವರಲ್ಲಿ ಕೋರ್ಟಿನ ಗುಮಾಸ್ತರಾಗಿ ನಿವೃತ್ತರಾದವರೊಬ್ಬರಿದ್ದರು. ತೋಳಿಗೆ ಪಟ್ಟಿ ಬಿಗಿಯುವಾಗ, "ಏನಮ್ಮ, ನನಗಿಂತ ನೀನೇ ಕಾಯಿಲೆಯವಳ ಥರ ಕಾಣ್ತೀಯ," ಅಂದರು. ಅವಳು ಎಲ್ಲ ಹೇಳಿದಳು.

"ಬಾಯಿಮಾತು ಗಾಳಿಗೆ ಹೋಗುತ್ತೆ, ಬರೆದಿಡು," ಅಂದರು ಗುಮಾಸ್ತರು. "ಯಾವ ದಿನ, ಎಷ್ಟು ಗಂಟೆ, ಆಗ ಗಾಡಿ ಎಷ್ಟು ಹೊತ್ತಿನಿಂದ ಓಡ್ತಿತ್ತು, ಏರಾ ಇಳಿಜಾರಾ, ಎ.ಸಿ. ಹಾಕಿತ್ತಾ, ಎಲ್ಲಾ. ಮತ್ತೆ ಗಾಡಿ ಬಿಟ್ಟಾಗ ಅವರು ಜಾಬ್ ಕಾರ್ಡ್ ಕೊಡ್ತಾರಲ್ಲ, ಅದರಲ್ಲಿ ನಿನ್ನ ದೂರು ನಿನ್ನ ಮಾತಲ್ಲೇ ಇರಬೇಕು. ವಾರಂಟಿ ಮುಗಿಯೋ ಮೊದಲೇ ಹೇಳಿದ್ದೆ ಅನ್ನೋದಕ್ಕೆ ಅದೇ ಸಾಕ್ಷಿ."

ಅವಳು ಒಂದು ಪುಸ್ತಕದಲ್ಲಿ ಬರೆದಳು. ಮೂರು ವಾರದಲ್ಲಿ ಹನ್ನೊಂದು ಸಲ. ಒಟ್ಟಿಗೆ ಓದಿದಾಗ ಒಂದು ವಿಷಯ ಎದ್ದು ಕಂಡಿತು. ಒಂಬತ್ತರ ಮೊದಲು ಒಂದು ಸಲವೂ ಹಾಗಾಗಿರಲಿಲ್ಲ. ಬಿಸಿಲೇರಿದ ಮೇಲೆ, ಎಂಜಿನ್ ಚಾಲೂ ಇಟ್ಟು ಕಾದು, ಮತ್ತೆ ಹೊರಟಾಗಲೇ ಆಗಿತ್ತು.

ವಾರಂಟಿಗೆ ಇನ್ನು ಹತ್ತೊಂಬತ್ತು ದಿನ ಇರುವಾಗ ನಾಲ್ಕನೇ ಸಲ ಹೋದಳು. ಸಲಹೆಗಾರ ಪುಸ್ತಕ ಓದಿ, ಒಳಗಿನಿಂದ ಒಬ್ಬರನ್ನು ಕರೆತಂದ. ವರ್ಕ್‌ಶಾಪಿನಲ್ಲಿ ಎಲ್ಲರೂ ಅವರನ್ನು ಮೇಸ್ತ್ರಿ ಅನ್ನುತ್ತಿದ್ದರು. ನೆರೆತ ತಲೆ, ಉಗುರಿನ ಸಂದಿಯಲ್ಲಿ ಕಪ್ಪು ಎಣ್ಣೆ. ಮೇಸ್ತ್ರಿ ನಿಂತಲ್ಲೇ ಹನ್ನೊಂದನ್ನೂ ಓದಿದರು.

"ಬೆಳಿಗ್ಗೆ ಎಷ್ಟೊತ್ತಿಗೆ ಹೊರಡ್ತೀರಮ್ಮ?"

"ಆರಕ್ಕೆ."

"ನಾಳೆ ನಾನೂ ಬರ್ತೀನಿ."

ಮೇಸ್ತ್ರಿ ಸ್ಟೀರಿಂಗಿನ ಕೆಳಗೆ ವೈರ್ ಸಿಕ್ಕಿಸಿ, ಅಳತೆ ತೋರಿಸುವ ಯಂತ್ರವನ್ನು ಮುಂದಿಟ್ಟುಕೊಂಡು, ಡಬ್ಬಿಯನ್ನು ತೊಡೆಯ ಮೇಲೆ ಹಿಡಿದು ಕೂತರು. ಏಳು ಮನೆಯಾಯಿತು, ಕಾರು ಹೂವಿನ ಹಾಗೆ ಓಡಿತು. ಒಂಬತ್ತನೇ ಮನೆಯಿಂದ ಬರುವಷ್ಟರಲ್ಲಿ ಮೇಸ್ತ್ರಿ ತೂಕಡಿಸುತ್ತಿದ್ದರು. "ನಿಮ್ಮ ಕೆಲಸ ಕೆಡಿಸಿದೆ," ಅಂದಳು ಸೂಜಿ ಅಕ್ಕ. "ನನ್ನ ಕೆಲಸವೇ ಇದು," ಅಂದರು ಅವರು ಕಣ್ಣು ಬಿಡದೆ.

ಕೊನೆಯ ಮನೆಯಲ್ಲಿ ನರ ಸಿಗಲು ಇಪ್ಪತ್ತು ನಿಮಿಷವಾಯಿತು. ಮೇಸ್ತ್ರಿ ಎಂಜಿನ್ ನಿಲ್ಲಿಸದೆ, ಎ.ಸಿ. ಹಾಕಿಕೊಂಡು ಬಿಸಿಲಲ್ಲೇ ಕಾದಿದ್ದರು. ಅವಳು ಬಂದು ಕೂತು, ಗೇರ್ ಹಾಕಿ, ಆಕ್ಸಿಲರೇಟರ್ ಒತ್ತಿದಳು. ಎಂಜಿನ್ ಕೂಗಿತು. ಕಾರು ನಿಂತೇ ಇತ್ತು.

"ಕಾಲು ತೆಗೀಬೇಡಿ! ಹಾಗೇ ಇರಿ!" ಮೇಸ್ತ್ರಿಯ ಕಣ್ಣು ಯಂತ್ರದ ಮೇಲೆ. ಧಡ್! ಕಾರು ಚಿಮ್ಮಿತು. "ಸಿಕ್ಕಿಬಿದ್ದ ಕಳ್ಳ!" ಅಂದರು. "ಬಿಸಿಯಾದಾಗ ಒಳಗಿನ ವಾಲ್ವ್ ಅಂಟಿಕೊಳ್ತಿದೆ. ಎಣ್ಣೆ ಒತ್ತಡ ಇಳಿದಿದ್ದು ಪೂರ್ತಿ ದಾಖಲಾಗಿದೆ."

ಸೂಜಿ ಅಕ್ಕ ಕಾರನ್ನು ಪಕ್ಕಕ್ಕೆ ಹಾಕಿದಳು. ಖುಷಿಪಡಬೇಕಿತ್ತು, ಆದರೆ ಅಳು ಬಂತು. "ಈಗ ನಂಬಿದ್ರಾ?"

"ನಾನು ನಿನ್ನೆಯೇ ನಂಬಿದ್ದೆ ಕಣಮ್ಮ. ಕಂಪನಿ ನಂಬಬೇಕಿತ್ತಲ್ಲ."

ಕಂಪನಿ ಒಪ್ಪಿತು. ಬಿಡಿಭಾಗ ಬರಲು ಇಪ್ಪತ್ತಾರು ದಿನ ಹಿಡಿಯಿತು, ಅಷ್ಟರಲ್ಲಿ ವಾರಂಟಿ ಮುಗಿದೇ ಹೋಯಿತು. ನಾಲ್ಕು ಜಾಬ್ ಕಾರ್ಡುಗಳನ್ನು ಕೌಂಟರಿನ ಮೇಲೆ ಸಾಲಾಗಿ ಇಟ್ಟಾಗ ಸಲಹೆಗಾರ ತಕರಾರು ತೆಗೆಯಲಿಲ್ಲ. ಆ ಇಪ್ಪತ್ತಾರು ದಿನ ಗಂಡ ಸ್ಕೂಲಿಗೆ ಹೋಗುವ ಮೊದಲು ಆದಷ್ಟು ಮನೆಗಳಿಗೆ ಅವಳನ್ನು ಸ್ಕೂಟರಿನಲ್ಲಿ ಕರೆದೊಯ್ದ. ಮಿಕ್ಕವಕ್ಕೆ ಅವಳು ಬಸ್ಸು ಹಿಡಿದಳು. ಒಂದು ಬೆಳಿಗ್ಗೆ ಅವನು ಹಿಂದೆ ತಿರುಗಿ, "ಅವತ್ತು ನಾನು ಹಾಗನ್ನಬಾರದಿತ್ತು," ಅಂದ.

"ಮುಂದೆ ನೋಡಿ ಓಡಿಸಿ," ಅಂದಳು ಸೂಜಿ ಅಕ್ಕ.

ಕಾರು ಬಂದಮೇಲೆ ಒಂದು ವಾರ ಅವಳು ಎಂದಿನಂತೆ ದುಡಿದಳು. ಧಡ್ ಅನ್ನಲಿಲ್ಲ. ಎಂಟನೇ ದಿನ, ಎಷ್ಟೋ ವರ್ಷದಲ್ಲಿ ಮೊದಲ ಸಲ, ರಜೆ ಹಾಕಿದಳು. ಲ್ಯಾಬಿನವರು ಗಾಬರಿಯಾಗಿ ಫೋನ್ ಮಾಡಿದರು.

"ಏನಾಗಿದೆ ಅಕ್ಕನಿಗೆ? ಹುಷಾರಿಲ್ವಾ?"

ಗಂಡ ಕೋಣೆಯ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು, "ಹುಷಾರಾಗೇ ಇದಾಳೆ," ಅಂತ ಪಿಸುಗುಟ್ಟಿದ. "ಮಲಗಿದಾಳೆ."